ಅಕ್ಷರ ಬರೆದವನಿಗೆ ಬರೀ ಚಹಾ!

ಮುಳಗುಂದ ನಾಕಾದಲ್ಲಿ ಬಸ್ಸಿಗೆ ಕಾಯುವ ಪುಣ್ಯಾತ್ಮರೇ, ಮುಂದಿನ ಸಲ ಬಸ್ಸು ತಡವಾದಾಗ ಡ್ರೈವರನನ್ನು ಬೈಯುವುದು ಸ್ವಲ್ಪ ನಿಲ್ಲಿಸಿ ತಲೆ ಎತ್ತಿ ನೋಡಿ. ಹತ್ತು ಅಂಗಡಿ ಬೋರ್ಡು ಇದ್ದರೆ ಹತ್ತೂ ಒಂದೇ ತಾಯಿ ಮಕ್ಕಳು. ಅದೇ ಹಳದಿ ಅಕ್ಷರ, ಅದೇ ಕೆಂಪು ಅಂಚು, ಅದೇ ಕಂಪ್ಯೂಟರ್ ಫಾಂಟು. ಔಷಧಿ ಅಂಗಡಿಗೂ ಅದೇ, ಮೊಬೈಲ್ ಅಂಗಡಿಗೂ ಅದೇ, ಶ್ರದ್ಧಾಂಜಲಿ ಫ್ಲೆಕ್ಸಿಗೂ ಅದೇ. ಮೊನ್ನೆ ಒಂದು ಬಟ್ಟೆ ಅಂಗಡಿಯ ಮುಂದೆ ನಿಂತೆ. ‘ವಸ್ತ್ರಾಲಯ’ ಆಗಬೇಕಾದ್ದು ‘ವಸಾಲಯ’ ಆಗಿತ್ತು. ಕೆಳಗಿನ ಒತ್ತಕ್ಷರಗಳು ಕಬ್ಬಿಣದ ಚೌಕಟ್ಟಿನ ಹಿಂದೆ ಹೋಗಿ ಅವಿತು ಕೂತಿದ್ದವು. ಮಾಲೀಕರನ್ನು ಕೇಳಿದೆ. ‘ಏನಾತ್ರಿ, ಮಂದಿಗೆ ಗೊತ್ತಾಗ್ತೈತಲ್ಲ’ ಅಂದರು. ಗೊತ್ತಾಗುತ್ತೆ, ಸುಳ್ಳಲ್ಲ. ಹೊರಗೆ ಗೊಂಬೆಗೆ ಸೀರೆ ಉಡಿಸಿ ನಿಲ್ಲಿಸಿದ್ದಾರಲ್ಲ!

2024ರಲ್ಲಿ ಸರ್ಕಾರ ಕಾಯ್ದೆ ತಿದ್ದಿತು. ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಒಳ್ಳೆಯದೇ ಆಯಿತು. ಆದರೆ ನಮ್ಮ ವ್ಯಾಪಾರಸ್ಥರು ಮಾಡಿದ್ದೇನು? ಟೇಪು ಹಿಡಿದು ಅಳೆದರು. ಅಳತೆಗೆ ಸಾಲದ ಅಕ್ಷರವನ್ನು ಕಂಪ್ಯೂಟರಿನಲ್ಲಿ ರಬ್ಬರಿನ ಹಾಗೆ ಎಳೆದು ಕೂರಿಸಿದರು. ತಲೆಕಟ್ಟು ಮಾರುದ್ದ, ಅಕ್ಷರ ಮೊಳ ಗಿಡ್ಡ. ಕಾಯ್ದೆ ಪಾಲನೆಯಾಯಿತು, ಕನ್ನಡದ ಸೊಂಟ ಮುರಿಯಿತು. ಅಂದಹಾಗೆ 2016ರ ಮಾರ್ಚಿನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿ ಆದೇಶ ಹೊರಡಿಸಿತ್ತು. ಆದೇಶ ಕಡತದಲ್ಲಿದೆ, ಫ್ಲೆಕ್ಸು ಕಂಬದ ಮೇಲಿದೆ. ಆ ವಿಷಯ ಇನ್ನೊಂದು ದಿನ.

ಇವತ್ತು ಹೇಳಬೇಕಾದ್ದು ಒಬ್ಬ ಹುಡುಗನ ಸುದ್ದಿ. ಬೆಟಗೇರಿಯ ನೇಕಾರರ ಮನೆಯವನು, ವಯಸ್ಸು ಇಪ್ಪತ್ತೈದರ ಆಚೀಚೆ. ಹೆಸರು ಬರೆಯಬೇಡಿ ಅಂದಿದ್ದಾನೆ. ಬರೆಯೋದಿಲ್ಲ.

ಅವನು ಶುರುಮಾಡಿದ್ದು ಫ್ಲೆಕ್ಸ್ ಅಂಗಡಿಯಲ್ಲೇ. ಮೂರು ವರ್ಷ ಪುಢಾರಿಗಳ ಹುಟ್ಟುಹಬ್ಬದ ಬ್ಯಾನರ್ ಮಾಡಿದ. ನಡುವೆ ಸಾಹೇಬರು, ಹಿಂದೆ ಒಂದು ಸಿಂಹ, ಅದರ ಹಿಂದೆ ಸೂರ್ಯ, ಕೆಳಗೆ ಶುಭ ಕೋರುವ ಮೂವತ್ತು ಮುಖ. ಯಾರ ಮುಖ ಒಂದು ಇಂಚು ಸಣ್ಣದಾದರೂ ರಾತ್ರಿ ಫೋನು. ಆಗ ಅವನ ವೇಷವೂ ಹಾಗೇ ಇತ್ತು. ಎದೆ ತುಂಬ ಇಂಗ್ಲಿಷ್ ಅಕ್ಷರದ ಟೀ ಶರ್ಟು, ಕೋಳಿ ಜುಟ್ಟಿನಂಥ ಕೂದಲು. ಅಕ್ಷರಕ್ಕೆ ಬೆಂಕಿ ಹಚ್ಚುವುದು, ಬಂಗಾರದ ನೀರು ಹೊಯ್ಯುವುದು, ಮೂರು ನೆರಳು ಬಿಡುವುದು ಇದೇ ಅವನಿಗೆ ಡಿಸೈನು.

ಒಂದು ದಿನ ಬೆಟಗೇರಿಯ ಹಳೇ ಪೇಂಟರ್ ಒಬ್ಬರು ಟ್ರಾಕ್ಟರಿಗೆ ನಂಬರ್ ಬರೆಯೋದನ್ನ ನೋಡುತ್ತಾ ನಿಂತನಂತೆ. ಒಂದು ಕಾಲದಲ್ಲಿ ಊರ ಅರ್ಧ ಬೋರ್ಡು ಈ ಹಿರಿಯರ ಕೈಯದು. ಫ್ಲೆಕ್ಸು ಬಂದ ಮೇಲೆ ಉಳಿದದ್ದು ನಂಬರ್ ಪ್ಲೇಟು, ಗುಡಿ ಗೋಡೆ. ಗೆರೆ ಹೊಡೆಯಲು ಸುಣ್ಣ ಹಚ್ಚಿದ ದಾರ, ಕೈ ನಡುಗದ ಹಾಗೆ ಆಸರೆಗೊಂದು ಕೋಲು, ಎನಾಮಲ್ ಡಬ್ಬಿ, ನಾಲ್ಕು ಬ್ರಷ್ಷು. ಹುಡುಗ ಅವರ ಹಿಂದೆ ಬಿದ್ದ. ಅವರು ಆರು ತಿಂಗಳು ಅಕ್ಷರವನ್ನೇ ಮುಟ್ಟಗೊಡಲಿಲ್ಲ. ಬರೀ ಗೆರೆ, ಬರೀ ಸೊನ್ನೆ. ‘ಸೊನ್ನಿ ಗುಂಡಗ ಬಂದ್ರ ಅರ್ಧ ಕನ್ನಡ ಬಂದಂಗ’ ಅನ್ನುವುದು ಅವರ ಪಾಠ.

ಆಮೇಲೆ ವರ್ಷವೊಂದು ಹುಡುಗ ಬರೆದದ್ದೆಲ್ಲ ಆ ಹಿರಿಯರ ನಕಲೇ. ನೆರಳೂ ಅದೇ, ಕೊನೆಯ ಬಾಲವೂ ಅದೇ. ನಾನೇ ಹೇಳಿದ್ದೆ, ‘ತಮ್ಮಾ, ಇದು ನಿನ್ನ ಕೈ ಅಲ್ಲೋ, ಅಜ್ಜನ ಕೈ.’ ಮುಖ ಸಣ್ಣ ಮಾಡಿಕೊಂಡು ಹೋದವನು ಭಾನುವಾರ ಬಂದರೆ ಲಕ್ಕುಂಡಿ ಬಸ್ಸು ಹತ್ತತೊಡಗಿದ. ಅಲ್ಲಿ ಅತ್ತಿಮಬ್ಬೆಯ 1007ನೇ ಇಸವಿಯ ಶಾಸನ ಇದೆ, ಇನ್ನೂ ಬೇಕಾದಷ್ಟು ಕಲ್ಲುಗಳಿವೆ. ನಾವು ಹೋದರೆ ಬಾವಿ ನೋಡಿ, ಗುಡಿ ನೋಡಿ, ಮಂಡಕ್ಕಿ ತಿಂದು ಬರುತ್ತೇವೆ. ಇವನು ಕಲ್ಲಿನ ಮುಂದೆ ಕೂತು ಉಳಿ ಎಲ್ಲಿ ತಿರುಗಿತು, ಒತ್ತಕ್ಷರಕ್ಕೆ ಎಷ್ಟು ಜಾಗ ಬಿಟ್ಟರು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದ.

ಹುಡುಗನನ್ನು ಬರೀ ಹೊಗಳುತ್ತಿದ್ದಾನೆ ಅಂದುಕೊಳ್ಳಬೇಡಿ. ಶಾಸನದ ಹುಚ್ಚು ಹಿಡಿದಾಗ ಒಂದು ಖಾನಾವಳಿಗೆ ಬೋರ್ಡು ಬರೆದ. ಅಕ್ಷರವೇನೋ ಭಾರಿ ಚೆಂದ. ಓದುವವರು ಯಾರು? ಎರಡು ದಿನ ಗಿರಾಕಿ ಬರಲಿಲ್ಲ. ರೋಣದ ಕಡೆಯ ಒಬ್ಬ ಯಜಮಾನರು ನನ್ನ ಹತ್ತಿರವೇ ಕೇಳಿದರು, ‘ಇದು ಪುರಾತತ್ವದವರ ಆಫೀಸೇನ್ರಿ?’ ಮಾಲೀಕರು ಕೂಗಾಡಿದರು. ತಪ್ಪು ಹುಡುಗನದೇ. ಊಟ ಹುಡುಕುವವನಿಗೆ ಇತಿಹಾಸ ಬಡಿಸಬಾರದು.

ಅಲ್ಲಿಂದ ಅವನಿಗೆ ಬುದ್ಧಿ ಬಂತು, ಕೈಗೆ ತನ್ನದೊಂದು ರೀತಿಯೂ ಬಂತು. ಈಗ ಬೋರ್ಡು ಹಿಡಿದರೆ ಮೊದಲು ಒತ್ತಕ್ಷರಕ್ಕೆ ಜಾಗ ಗೊತ್ತು ಮಾಡುತ್ತಾನೆ, ತಲೆಕಟ್ಟು ಆಮೇಲೆ. ಅಕ್ಷರದ ಹೊಟ್ಟೆ ಅಗಲ, ಬುಡ ದಪ್ಪ, ಬಣ್ಣ ಎರಡೇ. ಬರೆದ ನಾಲ್ಕು ದಿನಕ್ಕೆ ಬಸ್ಸು ಹತ್ತಿ ಅದೇ ರಸ್ತೆಯಲ್ಲಿ ಹೋಗುತ್ತಾನೆ. ಓಡುವ ಬಸ್ಸಿನ ಕಿಟಕಿಯಿಂದ ಓದಲು ಬಂದರೆ ಸೈ, ಬರದಿದ್ದರೆ ಮರುದಿನ ಏಣಿ ಹಾಕಿ ಸ್ವಂತ ಖರ್ಚಿನಲ್ಲಿ ತಿದ್ದುತ್ತಾನೆ. ಜೋಳದ ರೊಟ್ಟಿ ಮಾರುವ ಹೆಣ್ಣುಮಕ್ಕಳಿಗೆ ಒಂದು ಪಾಕೀಟು ಮಾಡಿಕೊಟ್ಟಿದ್ದಾನೆ, ನೋಡಬೇಕು. ಹೂವಿಲ್ಲ, ನವಿಲಿಲ್ಲ. ಒಂದು ದುಂಡು ರೊಟ್ಟಿ, ಅದರೊಳಗೆ ಹೆಸರು. ಮನೆಯ ಸೀರೆಗೂ ಒಂದು ಚೀಟಿ ಬರೆದಿದ್ದಾನೆ. ಟೀ ಶರ್ಟು ಹೋಗಿ ಈಗ ಕೈಮಗ್ಗದ ಬಟ್ಟೆಯ ಸಾದಾ ಅಂಗಿ. ಯಾಕಪ್ಪಾ ಅಂದರೆ, ‘ಅಂಗಿ ಮ್ಯಾಲ ಅಕ್ಷರ ಇದ್ರ ಕಣ್ಣು ಅಲ್ಲೇ ಹೋಗ್ತಾವ್ರಿ ಅಣ್ಣಾರ, ಕೆಲಸ ಆಗಂಗಿಲ್ಲ’ ಅನ್ನುತ್ತಾನೆ.

ಇಂಥ ಹುಚ್ಚು ಇವನೊಬ್ಬನದೇ ಅಲ್ಲ. ಗುಜರಾತಿನ ತಳಾಜಾ ಅನ್ನುವ ಊರಿನ ಹನೀಫ್ ಕುರೇಶಿ ಅಂತ ಒಬ್ಬರಿದ್ದರು. ಹುಡುಗನಾಗಿದ್ದಾಗ ಅವರಿಗೆ ಬೋರ್ಡು ಬರೆಯುವ ಪೇಂಟರ್ ಆಗಬೇಕೆಂಬ ಆಸೆ. ಬರೋಡಾದಲ್ಲಿ ಚಿತ್ರಕಲೆ ಓದಿದರು, ಜಾಹೀರಾತು ಕಂಪನಿಯಲ್ಲಿ ದುಡಿದರು. 2010ರ ಸುಮಾರಿಗೆ ಬೀದಿ ಪೇಂಟರುಗಳನ್ನು ಹುಡುಕಿ, ಅವರ ಕೈಬರಹವನ್ನು ಕಂಪ್ಯೂಟರ್ ಫಾಂಟು ಮಾಡತೊಡಗಿದರು. ಫಾಂಟಿಗೆ ಆ ಪೇಂಟರಿನ ಹೆಸರನ್ನೇ ಇಟ್ಟರು. ‘ಪೇಂಟರ್ ಕಫೀಲ್’ ಅಂತ ಒಂದಿದೆ. 2014ರಲ್ಲಿ ಗೆಳೆಯರ ಜೊತೆ ಸಂಸ್ಥೆ ಕಟ್ಟಿ ದೆಹಲಿಯ ಲೋಧಿ ಕಾಲೊನಿಯ ಸರ್ಕಾರಿ ಕ್ವಾರ್ಟರ್ಸ್ ಗೋಡೆಗಳಿಗೆ ಚಿತ್ರ ಬರೆಸಿದರು. ಈಗ ಜನ ಅದನ್ನು ನೋಡಲೆಂದೇ ಅಲ್ಲಿಗೆ ಹೋಗುತ್ತಾರೆ. 2024ರ ಸೆಪ್ಟೆಂಬರಿನಲ್ಲಿ, ನಲವತ್ತು ದಾಟಿದ್ದೇ ತಡ, ತೀರಿಕೊಂಡರು. ಅಕ್ಷರ ಬರೆದವನ ಹೆಸರು ಅಕ್ಷರದ ಜೊತೆ ಇರಲಿ ಅಂದ ಮನುಷ್ಯ. ನಮ್ಮ ಬೆಟಗೇರಿ ಅಜ್ಜನ ಕೈಬರಹ ಯಾವ ಕಂಪ್ಯೂಟರಿನಲ್ಲಿದೆ? ಮುದ್ರಣ ಕಾಶಿ ಅಂತ ಕರೆಸಿಕೊಂಡ ಊರು ನಮ್ಮದು!

ಈಗ ರೊಕ್ಕದ ಮಾತಿಗೆ ಬರುತ್ತೇನೆ. ವ್ಯಾಪಾರಸ್ಥರು ಸಿಟ್ಟಾಗಬಾರದು.

ಬೋರ್ಡಿನ ಕಬ್ಬಿಣಕ್ಕೆ ಬಿಲ್ಲು ಇದೆ. ಲೈಟಿಗೆ, ವೈರಿಗೆ, ವೆಲ್ಡಿಂಗಿಗೆ, ಏಣಿ ತಂದ ಆಟೋಕ್ಕೂ ಬಿಲ್ಲು ಇದೆ. ಅಕ್ಷರ ಬರೆದವನಿಗೆ ಚಹಾ. ‘ಡಿಸೈನ್ ಫ್ರೀ ಅಲ್ಲೇನ್ರಿ?’ ಅನ್ನುತ್ತೀರಿ. ಫ್ಲೆಕ್ಸಿನವರು ಚದರಡಿ ಲೆಕ್ಕದಲ್ಲಿ ಮಾರಿ ಡಿಸೈನನ್ನು ಕರಿಬೇವಿನ ಹಾಗೆ ಪುಕ್ಕಟೆ ಹಾಕಿ ಕೊಟ್ಟಿದ್ದರಿಂದ ನಿಮಗೆ ಈ ರೂಢಿ ಬಿದ್ದಿದೆ. ಈಗ ಮೊಬೈಲಿನಲ್ಲಿ ಎ.ಐ. ಬೇರೆ ಬಂದಿದೆ, ಒಂದು ನಿಮಿಷಕ್ಕೆ ನಾಲ್ಕು ಚಿತ್ರ. ಒಬ್ಬ ಬೇಕರಿಯವರು ನನಗೆ ತೋರಿಸಿದರು. ಕೇಕು ಬಲು ಚೆಂದ ಬಂದಿತ್ತು, ಕೆಳಗಿನ ಕನ್ನಡ ಯಾವ ದೇಶದ ಲಿಪಿಯೋ ತಿಳಿಯಲಿಲ್ಲ. ಅದನ್ನು ತಂದು ಹುಡುಗನಿಗೆ ‘ಇದರಾಗ ಅಕ್ಷರ ಅಷ್ಟ ತಿದ್ದಿ ಕೊಡಪಾ’ ಅಂದರಂತೆ. ಅದಕ್ಕೂ ಚಹಾ.

ನಾನೇನು ಸಾಚಾ ಅಲ್ಲ. ಎರಡು ವರ್ಷದ ಹಿಂದೆ ತಂಗಿಯ ಮದುವೆ ಪತ್ರಿಕೆ ಇವನ ಕೈಯಲ್ಲೇ ಬರೆಸಿದೆ. ನಾಲ್ಕು ಸಲ ತಿದ್ದಿಸಿದೆ, ಸೋದರಮಾವನ ಹೆಸರು ಮೇಲೆ ತರಿಸಿದೆ. ಬಂಧುಗಳೆಲ್ಲ ಹೊಗಳಿದರು, ಒಬ್ಬರು ಫ್ರೇಮು ಹಾಕಿಸಿ ಇಟ್ಟಿದ್ದಾರೆ. ಪ್ರೆಸ್ಸಿನವರ ರೊಕ್ಕ ಅವತ್ತೇ ಚುಕ್ತಾ ಮಾಡಿದೆ. ಇವನು ‘ಇರ್ಲಿ ಬಿಡ್ರಿ ಅಣ್ಣಾರ’ ಅಂದ. ನಾನು ಬಿಟ್ಟೇಬಿಟ್ಟೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನಿಗೆ ಈ ಲೆಕ್ಕ ಗೊತ್ತಿರಲಿಲ್ಲ ಅನ್ನೋಣ ಅಂದರೆ, ಸಂಪಾದಕರು ಒಂದು ವಾರ ಸಂಬಳ ತಡ ಮಾಡಿದರೆ ನಾನೇ ಅವರ ಬಾಗಿಲಲ್ಲಿ ನಿಲ್ಲುತ್ತೇನೆ.

ಹೋದ ವಾರ ಹುಡುಗ ಆಫೀಸಿಗೆ ಬಂದಿದ್ದ. ಬೆಂಗಳೂರಿನ ಕಂಪನಿಯೊಂದು ಕರೆದಿದೆ. ತಿಂಗಳ ಪಗಾರ, ಎ.ಸಿ. ರೂಮು. ಕೆಲಸ ಏನಪ್ಪಾ? ಆನ್‌ಲೈನ್ ಅಂಗಡಿಗೆ ರಿಯಾಯಿತಿ ಚಿತ್ರ ಮಾಡೋದು, ದಿನಕ್ಕೆ ಇಷ್ಟು ಅಂತ ಲೆಕ್ಕ. ಮತ್ತೆ ಹಳದಿ ಅಕ್ಷರ, ಕೆಂಪು ಅಂಚು! ‘ಹೊಕ್ಕೀಯೇನೋ?’ ಅಂದೆ. ‘ಅವ್ವನ ಮೊಳಕಾಲು ಹೋಗ್ಯಾವ್ರಿ. ಮಗ್ಗದಾಗ ಕೂಡಾಕ ಆಗವಲ್ದು’ ಅಂದ. ಇದಕ್ಕೆ ನಾನೇನು ಹೇಳಲಿ? ಹೋಗಬೇಡ ಅನ್ನಲು ಬಾಕಿ ಉಳಿಸಿಕೊಂಡವನಿಗೆ ಬಾಯಿ ಎಲ್ಲಿದೆ?

ಬೋರ್ಡು ಮಾಡಿಸುವ ಮಹನೀಯರೇ, ಕಬ್ಬಿಣದ ಬಿಲ್ಲಿನ ಕೆಳಗೆ ‘ಅಕ್ಷರಕ್ಕೆ’ ಅಂತ ಇನ್ನೊಂದು ಸಾಲು ಬರೆಸಿ. ಎಷ್ಟು ಅಂತ ಮೊದಲೇ ಮಾತಾಡಿ, ಬೇಕಿದ್ದರೆ ಚೌಕಾಶಿಯನ್ನೂ ಮಾಡಿ, ಅದರಲ್ಲಿ ನೀವು ಗಟ್ಟಿಗರೇ. ನಗರಸಭೆಯವರು ಓಣಿಗಳ ಹೆಸರಿನ ಫಲಕ ಬರೆಸುವಾಗಲೂ ಟೆಂಡರಿನಲ್ಲಿ ತಗಡಿನ ದಪ್ಪ ಒಂದನ್ನೇ ನೋಡದಿದ್ದರೆ ಉಪಕಾರವಾದೀತು.

ನಿನ್ನೆ ಸಂಜೆ ಪತ್ರಿಕೆಯ ರೊಕ್ಕ ಕವರಿಗೆ ಹಾಕಿಕೊಂಡು ಬೆಟಗೇರಿಗೆ ಹೋಗಿದ್ದೆ. ಮನೆಯಲ್ಲಿ ಇರಲಿಲ್ಲ. ಟಾಂಗಾಕೂಟದ ಹತ್ತಿರ ಯಾವುದೋ ಬಳೆ ಅಂಗಡಿಗೆ ಏಣಿ ಹಾಕಿದ್ದಾನೆ ಅಂದರು ಅವರ ತಾಯಿ. ಕವರು ಅವರ ಕೈಗೆ ಕೊಟ್ಟೆ. ಬೆಂಗಳೂರಿನವರಿಗೆ ಅವನಿನ್ನೂ ಹೂಂ ಅಂದಿಲ್ಲ, ಈ ತಿಂಗಳ ಕೊನೆಯ ತನಕ ಟೈಮು ಕೇಳಿದ್ದಾನಂತೆ. ಬೋರ್ಡು ಬದಲಿಸುವವರು ಯಾರಾದರೂ ಇದ್ದರೆ ನಮ್ಮ ಆಫೀಸಿನಲ್ಲಿ ಕೇಳಿ, ಮನೆ ತೋರಿಸುತ್ತೇವೆ.