ಇನ್ನು ಒಂದೇ ಒಂದು ಅಕೇಶಿಯಾ ಗಿಡವೂ ನಮ್ಮೂರ ಗುಡ್ಡಕ್ಕೆ ಬೇಡ!

ಮಲೆನಾಡಿನ ರೈತ ಬಂಧುಗಳೇ, ಅಕ್ಕ ತಂಗಿಯರೇ, ಕೂಲಿ ಮಾಡಿ ಉಣ್ಣುವ ಅಣ್ಣ ತಮ್ಮಂದಿರೇ,

ಮನೆ ಹಿಂದಿನ ಗುಡ್ಡ ಹತ್ತಿ ಒಮ್ಮೆ ನೋಡಿ. ಏನಿದೆ ಅಲ್ಲಿ? ಅಕೇಶಿಯಾ. ಅದರಾಚೆ? ಮತ್ತೆ ಅಕೇಶಿಯಾ! ಕಾನು ಹೋಯಿತು, ಬ್ಯಾಣ ಹೋಯಿತು, ಗೋಮಾಳವೂ ಹೋಯಿತು. ಎಲ್ಲಿಯದೋ ಆಸ್ಟ್ರೇಲಿಯಾದ ಮರ ತಂದು ನಮ್ಮ ತಲೆ ಮೇಲೆ ನಿಲ್ಲಿಸಿದರು. ನಮ್ಮನ್ನು ಒಂದು ಮಾತು ಕೇಳಿದರೇ? ಇಲ್ಲ!

ನಿಮ್ಮ ಕೊಟ್ಟಿಗೆಯಲ್ಲಿ ಈಗ ಎಷ್ಟು ದನ ಇವೆ? ನಿಮ್ಮ ಅಜ್ಜನ ಕಾಲದಲ್ಲಿ ಎಷ್ಟಿದ್ದವು? ಬೆಳಿಗ್ಗೆ ಕಣ್ಣಿ ಬಿಚ್ಚಿದರೆ ಸಾಕಿತ್ತು, ಮಲೆನಾಡು ಗಿಡ್ಡ ತಾನೇ ಗುಡ್ಡಕ್ಕೆ ಹೋಗಿ ಹೊಟ್ಟೆ ತುಂಬಿಸಿಕೊಂಡು ಸಂಜೆಗೆ ತಾನೇ ಬರುತ್ತಿತ್ತು. ಒಂದು ರೂಪಾಯಿ ಹಿಂಡಿಯ ಖರ್ಚಿರಲಿಲ್ಲ. ಇವತ್ತು ಬಿಡುವುದೆಲ್ಲಿಗೆ? ಅಕೇಶಿಯಾ ಎಲೆಗೆ ದನ ಬಾಯಿ ಹಾಕುವುದಿಲ್ಲ. ಅದರ ಬುಡದಲ್ಲಿ ಹುಲ್ಲು ಏಳುವುದಿಲ್ಲ. ಮೇವು ಕೊಂಡು ಸಾಕಲಾಗದೆ ದನ ಮಾರಿದಿರಿ. ನಾವೂ ಮಾರಿದೆವು. ದನದ ಹಿಂದೆಯೇ ಗೊಬ್ಬರವೂ ಹೋಯಿತು. ಈಗ ಸೊಸೈಟಿ ಮುಂದೆ ಗೊಬ್ಬರದ ಚೀಲಕ್ಕೆ ಸಾಲು ನಿಲ್ಲುವವರು ಯಾರು? ನಾವೇ!

ಸೊಪ್ಪಿನ ಕತೆ ಇನ್ನೂ ಕಷ್ಟದ್ದು. ಅಡಿಕೆ ತೋಟ ಬದುಕುವುದೇ ಸೊಪ್ಪು ದರಗಿನಿಂದ. ಮತ್ತಿ, ಹೊನ್ನೆ, ನಂದಿ, ನೇರಳೆ, ಹೀಗೆ ಹತ್ತು ಬಗೆ ಮರದ ಸೊಪ್ಪು ಕೊಟ್ಟಿಗೆಗೆ ಬಿದ್ದು, ದನ ತುಳಿದು, ಗೊಬ್ಬರವಾಗಿ ತೋಟಕ್ಕೆ ಹೋಗುತ್ತಿತ್ತು. ಅಕೇಶಿಯಾ ನೆಡುತೋಪಿನೊಳಗೆ ಕಾಲಿಟ್ಟು ನೆಲ ಕೆದಕಿ ನೋಡಿ. ಮೇಲೆ ಗರಿಗರಿ ಒಣ ಎಲೆ. ಅದರ ಕೆಳಗೆ ಹೋದ ವರ್ಷದ ಎಲೆ, ಹಾಗೇ ಚರ್ಮದಂತೆ ಗಟ್ಟಿ! ಎರೆಹುಳು ಹುಡುಕಿ, ಸಿಕ್ಕರೆ ಹೇಳಿ. ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಬಿದ್ದರೆ ಸಾಕು, ಇಡೀ ಗುಡ್ಡಕ್ಕೆ ಬೆಂಕಿ. ಬೆಂಕಿ ಆರಿದ ಮೇಲೆ ಮೊದಲು ತಲೆ ಎತ್ತುವುದೂ ಅಕೇಶಿಯಾ ಬೀಜವೇ. ಒಂದು ಹೊರೆ ಸೊಪ್ಪಿಗೆ ನಮ್ಮ ಹೆಂಗಸರು ಇವತ್ತು ಎಷ್ಟು ದೂರ ನಡೆಯುತ್ತಾರೆ, ಅವರನ್ನೇ ಕೇಳಿ. ನೆತ್ತಿಯ ನೋವು ಅವರು ಹೇಳುವುದಿಲ್ಲ. ನಾವು ಕೇಳುವುದೂ ಇಲ್ಲ.

ಮಂಗನ ಕಾಟ ಹೆಚ್ಚಾಯಿತು ಎಂದು ನೀವೇ ಬೈಯುತ್ತೀರಿ. ಮಂಗ ಏನು ತಿನ್ನಬೇಕು? ಕಾಡಿನಲ್ಲಿ ಹಲಸಿತ್ತು, ನೇರಳೆ ಇತ್ತು, ವಾಟೆ ಇತ್ತು, ರಂಜಲು ಇತ್ತು. ಅಕೇಶಿಯಾದಲ್ಲಿ ಏನಿದೆ? ಒಣಗಿ ಸುರುಳಿ ಸುತ್ತಿದ ಕೋಡು! ಹಸಿದ ಮಂಗ ತೋಟಕ್ಕಿಳಿದು ಎಳೆ ಅಡಿಕೆ, ಬಾಳೆಗೊನೆ ಹಾಳು ಮಾಡುತ್ತದೆ. ಹಂದಿ ಗದ್ದೆಗೆ ನುಗ್ಗುತ್ತದೆ. ರಾತ್ರಿಯಿಡೀ ಡಬ್ಬ ಬಡಿಯುತ್ತಾ ಎಚ್ಚರ ಇರುವವರು ನಾವು. ಕಾಡು ಕಡಿಸಿದವರು ಬೆಂಗಳೂರಿನಲ್ಲಿ ಸುಖವಾಗಿ ಮಲಗಿದ್ದಾರೆ!

ನಮ್ಮ ಊಟದ ತಟ್ಟೆಯೂ ಬರಿದಾಯಿತು. ಹೊಳೆದಂಡೆಯ ಅಪ್ಪೆಮಿಡಿ ಮರ ಎಷ್ಟು ಉಳಿದಿವೆ? ಆ ಸೊನೆಯ ಘಮ, ವರ್ಷಗಟ್ಟಲೆ ಮೆತ್ತಗಾಗದೆ ಉಳಿಯುವ ಆ ಉಪ್ಪಿನಕಾಯಿ, ಯಾವ ಕಾರ್ಖಾನೆ ಮಾಡಿಕೊಟ್ಟೀತು? ಉಪ್ಪಾಗೆ ಸಿಪ್ಪೆ ಒಣಗಿಸಿ ಮಾರಿ ಮಳೆಗಾಲದ ಅಕ್ಕಿ ಕೊಳ್ಳುತ್ತಿದ್ದ ಮನೆಗಳಿದ್ದವು. ಮುರುಗಲು ಹಣ್ಣು, ಕಳಲೆ, ಜೇನು ಎಲ್ಲವೂ ದುಡ್ಡಿಲ್ಲದೆ ಬರುತ್ತಿದ್ದವು. ಜಮೀನಿಲ್ಲದವನಿಗೆ ಆ ಕಾಡೇ ಜಮೀನಾಗಿತ್ತು. ಅವನ ಬಾಯಿಂದಲೇ ತುತ್ತು ಕಿತ್ತರು!

ಮರಮುಟ್ಟಿನ ನ್ಯಾಯವನ್ನೂ ನೋಡಿ. ಮುರಿದ ಜಂತಿ ಬದಲಿಸಲು ನೀವು ಒಂದು ಮರ ಕೇಳಿದರೆ ಅರ್ಜಿ, ಓಡಾಟ. ಕೇಳದೆ ತಂದರೆ ಕೇಸು! ಆದರೆ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ಗೆಂದು 1980ರಿಂದ 40 ವರ್ಷಕ್ಕೆ ಸಾವಿರಾರು ಹೆಕ್ಟೇರ್ ಕಾಡನ್ನು ಗೇಣಿಗೆ ಬಿಟ್ಟರು. 2015ರ ಹೊತ್ತಿಗೆ ಕಾರ್ಖಾನೆ ನಿಂತೇ ಹೋಯಿತು. 2020ರಲ್ಲಿ ಗೇಣಿ ಮುಗಿಯಿತು. ಇನ್ನಾದರೂ ಗುಡ್ಡ ನಮ್ಮದಾಗುತ್ತದೆ ಎಂದು ನಾವು ಕಾದೆವು. ಸರ್ಕಾರ ಮಾಡಿದ್ದೇನು? ಸುಮಾರು 20 ಸಾವಿರ ಹೆಕ್ಟೇರನ್ನು ಮತ್ತೆ 40 ವರ್ಷಕ್ಕೆ ಬರೆದುಕೊಟ್ಟಿತು! ಹತ್ತಿರ ಹತ್ತಿರ 50 ಸಾವಿರ ಎಕರೆ! ಬೀಗ ಬಿದ್ದ ಕಾರ್ಖಾನೆಯ ಹೆಸರಿನಲ್ಲಿ! ಈಗ ಹುಟ್ಟಿದ ಮಗುವಿಗೆ ತಲೆ ಬೆಳ್ಳಗಾಗುವ ತನಕ ಈ ಗುಡ್ಡ ಅದರದಲ್ಲ.

ಭದ್ರಾವತಿಯ ಕಾರ್ಮಿಕರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ನಮ್ಮಂತೆ ಬೀದಿಗೆ ಬಿದ್ದವರೇ. ಅವರ ಕೆಲಸವೂ ಹೋಯಿತು, ನಮ್ಮ ಕಾಡೂ ಹೋಯಿತು.

ನೀಲಗಿರಿ ನೆಡುವುದನ್ನು ಇದೇ ಸರ್ಕಾರ 2017ರಲ್ಲಿ ನಿಲ್ಲಿಸಿತಲ್ಲ? ಬಯಲುಸೀಮೆಯ ಜನ ವರ್ಷಗಟ್ಟಲೆ ಕೂಗಿದ್ದರಿಂದ ನಿಲ್ಲಿಸಿತು. ನಮ್ಮ ಕೂಗು ಇನ್ನೂ ಸಾಲದು!

ನಮ್ಮಿಂದ ಏನಾದೀತು ಎನ್ನುತ್ತೀರಾ? ಹಾಗೆನ್ನಬೇಡಿ. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕೊಡಲಿಗೆ ಅಡ್ಡವಾಗಿ ಮರ ಅಪ್ಪಿಕೊಂಡು ನಿಂತರು. ಅವರ ಹತ್ತಿರ ದುಡ್ಡಿತ್ತೇ? ಅಧಿಕಾರ ಇತ್ತೇ? ಇದ್ದದ್ದು ಎರಡು ತೋಳು! 1984ರಲ್ಲಿ ನೀಲಗಿರಿ ಬೆಳೆಸಲೆಂದೇ ಸರ್ಕಾರ ಒಂದು ಖಾಸಗಿ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿತು. ಅದಕ್ಕೆ ಸುಮಾರು 30 ಸಾವಿರ ಹೆಕ್ಟೇರ್ ಜಮೀನು! ಅದರ ವಿರುದ್ಧ ಸಾಹಿತಿ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಹಳ್ಳಿಯ ಹೆಂಗಸರು ಗಂಡಸರು ಸೇರಿ ಹಾಡಹಗಲೇ ನೀಲಗಿರಿ ಸಸಿ ಕಿತ್ತರು, ಅದೇ ಗುಂಡಿಗೆ ಊರಿಗೆ ಬೇಕಾದ ಗಿಡ ಹಚ್ಚಿದರು. ಅದೇ "ಕಿತ್ತಿಕೋ ಹಚ್ಚಿಕೋ" ಚಳವಳಿ! ಬಂಧಿಸಿದರೂ ಹೆದರಲಿಲ್ಲ. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ಅವರೂ ನಮ್ಮಂತೆ ಬೇಸಾಯ ಮಾಡಿ ಉಣ್ಣುವವರೇ!

ಹಾಗಾದರೆ ಈಗ ಏನು ಮಾಡಬೇಕು?

ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಲ್ಲ, ಮನೆಯವರೆಲ್ಲ ಬನ್ನಿ. "ನಮ್ಮ ಪಂಚಾಯ್ತಿಯ ಒಂದು ಗುಂಟೆ ಕಾಡಿಗೂ, ಒಂದು ಗುಂಟೆ ಗೋಮಾಳಕ್ಕೂ ಅಕೇಶಿಯಾ ಬೇಡ, ಗೇಣಿ ರದ್ದು ಮಾಡಿ, ಗುಡ್ಡ ಊರಿಗೆ ಬಿಡಿ" ಎಂದು ಠರಾವು ಬರೆಸಿ. ಬಾಯಲ್ಲಿ ಹೇಳಿ ಎದ್ದು ಬರಬೇಡಿ! ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಕೂತಿರಿ, ಓದಿಸಿ ಕೇಳಿ, ಪ್ರತಿ ಕೇಳಿ ಪಡೆಯಿರಿ. ಕಾನೂನಿನ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು. ನಿಮ್ಮೂರಲ್ಲಿ ಅದರಲ್ಲಿ ಯಾರಿದ್ದಾರೆ? ಸಭೆ ಕರೆದಿದ್ದು ಯಾವಾಗ? ಎದ್ದು ನಿಂತು ಕೇಳಿ!

ಓಟು ಕೇಳಲು ಬಂದವರನ್ನು ಅಂಗಳದಲ್ಲೇ ನಿಲ್ಲಿಸಿ. ಯಾವ ಪಕ್ಷವಾದರೂ ಸರಿ. ಗೇಣಿ ರದ್ದು ಮಾಡಿಸುತ್ತೀರೋ ಇಲ್ಲವೋ? ಒಂದೇ ಪ್ರಶ್ನೆ. ಚಹಾ ಕೊಡಿ, ಆದರೆ ಉತ್ತರ ಪಡೆಯದೆ ಕಳಿಸಬೇಡಿ.

ಮುಂಗಾರು ಬೀಳುವ ಹೊತ್ತಿಗೆ ಸಸಿ ತುಂಬಿದ ಲಾರಿ ಊರಿನ ಕಡೆ ಬರುತ್ತದೆ. ಹಾಗೆ ಬಂದರೆ ಒಬ್ಬೊಬ್ಬರೇ ಓಡಬೇಡಿ, ಕೈ ಮಾಡಬೇಡಿ. ಕೂಲಿಗೆ ಬಂದವರು ನಮ್ಮವರೇ, ಅವರನ್ನು ಬೈಯಬೇಡಿ. ಊರಿಗೆ ಊರೇ ಗುಂಡಿಗಳ ಮುಂದೆ ಕೂತುಬಿಡೋಣ!

ಮತ್ತೆ ಈ ಬೇಸಿಗೆಯಲ್ಲೇ ಒಂದು ಕೆಲಸ ಶುರುವಾಗಲಿ. ಹಲಸು ತಿಂದ ಮನೆ ಬೀಜ ಎಸೆಯದಿರಲಿ. ಮಕ್ಕಳು ನೇರಳೆ ಬೀಜ, ಮುರುಗಲು ಬೀಜ, ವಾಟೆ ಬೀಜ ಕೂಡಿಡಲಿ. ಒಳ್ಳೆಯ ಅಪ್ಪೆಮರ ಎಲ್ಲಿದೆ ಎಂದು ಗೊತ್ತಿರುವ ಹಿರಿಯರು ತೋರಿಸಿಕೊಡಲಿ. ಮೊದಲ ಮಳೆಗೆ ಗುದ್ದಲಿ, ಬೀಜದ ಬುಟ್ಟಿ ಹಿಡಿದು ಎಲ್ಲರೂ ಗುಡ್ಡದ ಬುಡದಲ್ಲಿ ಸೇರೋಣ. ನೀವು ಬನ್ನಿ, ಪಕ್ಕದ ಮನೆಯವರನ್ನೂ ಕರೆತನ್ನಿ. ಓದಲು ಬಾರದವರಿಗೆ ಈ ಕರಪತ್ರವನ್ನು ಓದಿ ಹೇಳಿ, ಆಮೇಲೆ ಮುಂದಿನ ಊರಿಗೆ ದಾಟಿಸಿ!