ಚೆಲುವಾಂಬ ಬಿಟ್ಟು ಓಡುವ ಗೆಳೆಯರಿಗೆ

ಹೋದ ತಿಂಗಳು ನಮ್ಮ ಗೆಳೆಯನೊಬ್ಬ ಮೈಸೂರ್ ಪಾಕಿನ ಡಬ್ಬ ಹಿಡಿದು ಬಂದ. ಗಂಡು ಮಗು. ನಾವೆಲ್ಲ ತಿಂದೆವು, ಅವನ ಬೆನ್ನು ತಟ್ಟಿದೆವು. ಹೆರಿಗೆ ಎಲ್ಲಾಯ್ತು ಅಂತ ಕೇಳಿದೆವು. ಒಂದು ನರ್ಸಿಂಗ್ ಹೋಮಿನ ಹೆಸರು ಹೇಳಿದ. ಎಷ್ಟಾಯ್ತು? "ತೊಂಬತ್ತು ಸಾವಿರ. ಸಿಸೇರಿಯನ್ ಅಲ್ವಾ" ಅಂದ. ಅದರಲ್ಲಿ ಅರ್ಧ ಕೈಸಾಲ, ಇನ್ನರ್ಧಕ್ಕೆ ಹೆಂಡತಿಯ ಓಲೆ ಅಡವು. ಆದರೂ ಹೇಳುವಾಗ ಅವನ ಮುಖದಲ್ಲಿ ಸಂಕಟ ಇರಲಿಲ್ಲ. ಒಂದು ಗತ್ತು ಇತ್ತು.

ಇದೇ ಗೆಳೆಯ ಪುರಭವನದ ಮುಂದೆ ಬಾಬಾಸಾಹೇಬರ ಪ್ರತಿಮೆಯ ಹತ್ತಿರ ನಿಂತು "ಖಾಸಗೀಕರಣಕ್ಕೆ ಧಿಕ್ಕಾರ" ಅಂತ ಗಂಟಲು ಹರಿಯೋ ಹಾಗೆ ಕೂಗಿದವನು. ನಾವೂ ಪಕ್ಕದಲ್ಲೇ ನಿಂತು ಕೂಗಿದವರು. ಅಲ್ಲಿಂದ ಚೆಲುವಾಂಬ ಆಸ್ಪತ್ರೆ ಕಾಲ್ನಡಿಗೆಯ ದೂರ. "ಅಲ್ಲಿಗ್ಯಾಕೋ ಕರ್ಕೊಂಡು ಹೋಗ್ಲಿಲ್ಲ?" ಅಂದೆವು. ಅವನು ನಮ್ಮನ್ನು ಹುಚ್ಚರ ಹಾಗೆ ನೋಡಿದ. "ಅಲ್ಲಿಗಾ? ಅಲ್ಲಿಗೆ ನಮ್ಮೋರೇ ಅಲ್ವೇನ್ರೋ ಹೋಗೋದು!"

ನಮ್ಮೋರು. ಈ ಒಂದು ಮಾತು ನಮ್ಮ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿದೆ. ಅದನ್ನು ತೆಗೆಯಲಿಕ್ಕೆ ಈ ಬರಹ.

ಯಾರು ಈ ನಮ್ಮೋರು? ಇರ್ವಿನ್ ರಸ್ತೆಯಲ್ಲಿ ಬೆಳಿಗ್ಗೆ ಹೊತ್ತು ನಿಂತು ನೋಡಿ. ಹೆಗ್ಗಡದೇವನಕೋಟೆಯ ಹಾಡಿಯಿಂದ ಬಂದ ಜೇನುಕುರುಬರ ಹುಡುಗಿ, ನಂಜನಗೂಡು ಕಡೆಯ ಕೂಲಿ ಹೆಂಗಸು, ಚಾಮರಾಜನಗರದಿಂದ ಆಂಬುಲೆನ್ಸಿನಲ್ಲಿ ಬಂದವಳು, ಉದಯಗಿರಿಯ ಬೀಡಿ ಸುತ್ತುವವಳು, ಅಶೋಕಪುರದವಳು. ಒಂದು ಪ್ಲಾಸ್ಟಿಕ್ ಚೀಲ, ಒಂದು ಫ್ಲಾಸ್ಕು, ಕೂಸಿಗೆ ಸುತ್ತಲು ಹಳೇ ಸೀರೆಯ ತುಂಡು. ಹೊರಗೆ ಟವೆಲು ಹಾಸಿಕೊಂಡು ಕೂತ ಅವ್ವ, ಬೀಡಿ ಹಚ್ಚಲೂ ಆಗದೆ ಬಿಡಲೂ ಆಗದೆ ನಿಂತ ಗಂಡ. ಆಸ್ಪತ್ರೆಯ ಹೆಸರು ಅರಮನೆಯದು. ಒಳಗೆ ನೋವು ತಿನ್ನೋರು ಕೇರಿಯವರು, ಹಾಡಿಯವರು, ಮೊಹಲ್ಲಾದವರು. ಇವರ ಪಕ್ಕದ ಮಂಚದಲ್ಲಿ ತನ್ನ ಹೆಂಡತಿ ಮಲಗಬಾರದು ಅಂತ ನಮ್ಮ ಗೆಳೆಯ ತೊಂಬತ್ತು ಸಾವಿರ ಕೊಟ್ಟ.

ಗೆಳೆಯರೇ, ಇದನ್ನು ನಾವು ಬೇರೆಲ್ಲೋ ನೋಡಿದ್ದೇವೆ ಅನ್ನಿಸುವುದಿಲ್ಲವೇ? ನಮ್ಮ ಅಜ್ಜಿಯರಲ್ಲಿ ಎಷ್ಟೋ ಜನ ಸೂಲಗಿತ್ತಿಯರು. ಸರಿರಾತ್ರಿಯಲ್ಲಿ ಆಳು ಬಂದು ಕೂಗಿದರೆ ಎದ್ದು ಗೌಡರ ಮನೆಗೆ ಹೋಗಿ ಕೂಸು ಹಿಡಿದವರು. ಹೊಕ್ಕಳು ಕುಯ್ದವರು, ಕಸ ಬಾಚಿ ಹೂಳಿದವರು, ಸೂತಕದ ಬಟ್ಟೆ ಒಗೆದವರು. ಆ ರಾತ್ರಿ ಒಳಮನೆಗೆ ಬೇಕಾಗಿದ್ದ ಕೈ ಬೆಳಗಾದ ಮೇಲೆ ಜಗಲಿಗೂ ಬೇಡ. ಅದೇ ಕೈ ಹಿಡಿದು ತೆಗೆದ ಮಗು ಬೆಳೆದು ದೊಡ್ಡದಾಗಿ ಅಜ್ಜಿಯನ್ನು "ಏ, ದೂರ ನಿಲ್ಲು" ಅನ್ನುತ್ತಿತ್ತು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟರು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಒಬ್ಬರಿಗೆ ಪದಕ ಬಂತು, ಸಂತೋಷ. ಹೆಸರಿಲ್ಲದೆ ಮಣ್ಣಾದ ಸಾವಿರಾರು ಅಜ್ಜಿಯರ ಬಾಕಿ ಇನ್ನೂ ಹಾಗೇ ಇದೆ.

ಆ ಅಜ್ಜಿಯರ ಸ್ವಂತ ಹೆಣ್ಣುಮಕ್ಕಳು ಗುಡಿಸಲಲ್ಲಿ ಹೆತ್ತರು. ಕೂಸು ಅಡ್ಡ ತಿರುಗಿದರೆ ಸತ್ತರು. ರಕ್ತ ನಿಲ್ಲದಿದ್ದರೆ ಸತ್ತರು. ಊರಿನವರು ಅದನ್ನು ಹಣೆಬರಹ ಅಂದರು. ಹಣೆಬರಹ ಅಲ್ಲ ಅದು, ಆಸ್ಪತ್ರೆ ಇಲ್ಲದ ಬರಹ. ಅಂಕಿ ಹೇಳುತ್ತೇವೆ, ಕೇಳಿ. 2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಹಣೆಬರಹ ಹದಿನಾಲ್ಕು ವರ್ಷದಲ್ಲಿ ಬದಲಾಗುತ್ತದೆಯೇ? ಬದಲಾದದ್ದು ಇಷ್ಟು: ಆಶಾ ಕಾರ್ಯಕರ್ತೆ ಕೇರಿಯೊಳಗೆ ಕಾಲಿಟ್ಟಳು, 2008ರಲ್ಲಿ 108ರ ಗಾಡಿ ಬಂತು, ಬಸುರಿಯರು ಆಸ್ಪತ್ರೆ ಸೇರಿದರು. ಇವತ್ತಿಗೂ ಈ ರಾಜ್ಯದ ಸುಮಾರು ಮೂರನೇ ಎರಡು ಭಾಗ ಹೆರಿಗೆಗಳಾಗುವುದು ಸರ್ಕಾರಿ ಆಸ್ಪತ್ರೆಗಳಲ್ಲಿ. ನಮ್ಮ ಅವ್ವಂದಿರ ಜೀವ ಉಳಿಸಿದ್ದು ಗಾಜಿನ ಬಾಗಿಲ ನರ್ಸಿಂಗ್ ಹೋಮಲ್ಲ. ಬಣ್ಣ ಕಿತ್ತ ಗೋಡೆಯ ಸರ್ಕಾರಿ ಹೆರಿಗೆ ವಾರ್ಡು.

"ಆದರೂ ಪ್ರೈವೇಟಲ್ಲಿ ಚೆನ್ನಾಗಿ ನೋಡ್ಕೋತಾರೆ" ಅಂತೀರಿ. ಏನನ್ನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರು ಹೆರಿಗೆಗೆ 47 ಸಿಸೇರಿಯನ್, ಸರ್ಕಾರಿಯಲ್ಲಿ 14. ನಮ್ಮ ಕರ್ನಾಟಕದ ಖಾಸಗಿಯಲ್ಲಿ ಅರ್ಧಕ್ಕಿಂತ ಹೆಚ್ಚು, ಸರ್ಕಾರಿಯಲ್ಲಿ ಕಾಲುಭಾಗಕ್ಕಿಂತ ಕಡಿಮೆ. ನೂರಕ್ಕೆ ಹತ್ತರಿಂದ ಹದಿನೈದು ದಾಟಬೇಕಾದ ಕಾರಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲೇ ಹೇಳಿತ್ತು. ಕುಯ್ಯಬೇಕಾದ ಹೊಟ್ಟೆಯನ್ನು ಕುಯ್ಯಲೇಬೇಕು, ಅದು ತಾಯಿಯನ್ನೂ ಕೂಸನ್ನೂ ಉಳಿಸುತ್ತದೆ. ಅದರಲ್ಲಿ ನಮ್ಮದು ತಕರಾರಿಲ್ಲ. ಆದರೆ ರಕ್ತಹೀನತೆಯವರು, ಬಿಪಿ ಏರಿದವರು, ತಾಲ್ಲೂಕಿನಲ್ಲಿ ಆಗಲ್ಲ ಅಂತ ಕಳಿಸಿದವರು, ಹೀಗೆ ಕಷ್ಟದ ಕೇಸೆಲ್ಲ ಬಂದು ಬೀಳುವುದು ದೊಡ್ಡ ಸರ್ಕಾರಿ ಆಸ್ಪತ್ರೆಗೆ. ಕತ್ತರಿ ಹೆಚ್ಚು ಆಡುವುದು ಮಾತ್ರ ಕಾಸಿರುವ ಕಡೆ. ಇದಕ್ಕೆ ವೈದ್ಯಶಾಸ್ತ್ರದ ವಿವರಣೆ ಬೇಡ, ಬಿಲ್ಲಿನ ಪುಸ್ತಕ ಸಾಕು.

ಅಲ್ಲಿ ನಿಜವಾಗಿ ಮಾರಾಟಕ್ಕಿರುವುದು ಬೇರೆಯೇ. ಅದು ಪ್ರತ್ಯೇಕ ರೂಮು. ಸಾವಿರಾರು ವರ್ಷ ನಮ್ಮನ್ನು ಊರಾಚೆ ಪ್ರತ್ಯೇಕ ಇಟ್ಟರು. ಇವತ್ತು ಕೈಗೆ ಸಂಬಳ ಬಂದ ಕೂಡಲೇ ನಾವೇ ದುಡ್ಡು ಕೊಟ್ಟು ನಮ್ಮವರಿಂದ ಪ್ರತ್ಯೇಕ ಇರುವ ರೂಮು ಕೊಳ್ಳುತ್ತಿದ್ದೇವೆ. ಅಗ್ರಹಾರಕ್ಕೆ ಈಗ ಜನಿವಾರ ಬೇಡ, ಅಡ್ವಾನ್ಸ್ ಕಟ್ಟಿದ ರಸೀತಿ ಸಾಕು.

ಇಷ್ಟು ಬರೆದ ಮಾತ್ರಕ್ಕೆ ಸರ್ಕಾರಿ ಆಸ್ಪತ್ರೆ ಸ್ವರ್ಗ ಅಂತ ನಾವು ಹೇಳುತ್ತಿಲ್ಲ. ಸುಳ್ಳು ಹೇಳಿ ಚಳವಳಿ ಕಟ್ಟಲಾಗದು. ನಮ್ಮಲ್ಲೊಬ್ಬನ ಅಕ್ಕ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನೋವು ತಾಳಲಾರದೆ ಕಿರುಚಿದಾಗ, "ಗಂಡನ ಪಕ್ಕ ಮಲಗುವಾಗ ಇರ್ಲಿಲ್ವಾ ಈ ಕೂಗು?" ಅಂದರು. ತೊಡೆಗೆ ಹೊಡೆದರು. ಆ ಏಟಿನ ಗುರುತು ಎಂಟು ದಿನದಲ್ಲಿ ಹೋಯಿತು. ಆ ಮಾತಿನ ಗುರುತು ಅವಳ ಮಗಳಿಗೆ ಹತ್ತು ವರ್ಷ ತುಂಬಿದರೂ ಹೋಗಿಲ್ಲ. ಇದು ಬೈಗುಳ ಮಾತ್ರ ಅಲ್ಲ. ನಿನ್ನಂಥವಳು ಹೆರುವುದೇ ತಪ್ಪು ಅನ್ನುವ ಜಾತಿಯ ತೀರ್ಪು ಅದು, ಬಿಳೀ ಕೋಟು ಹಾಕಿಕೊಂಡು ಬಂದದ್ದು.

ಲಂಚ? ಅದೂ ಇದೆ. ಗಂಡಾದರೆ ಇಷ್ಟು, ಹೆಣ್ಣಾದರೆ ಅದಕ್ಕಿಂತ ಕಡಿಮೆ. ಕೂಸಿನ ಮುಖ ನೋಡುವ ಮೊದಲೇ ಕೂಸಿಗೆ ಬೆಲೆ ಕಟ್ಟುತ್ತಾರೆ. ಆದರೆ ಹಾಗೆ ಚಾಚಿದ ಕೈ ಯಾರದು ಅಂತ ಬಗ್ಗಿ ನೋಡಿದ್ದೀರಾ? ಎಷ್ಟೋ ಸಲ ಅದು ನಮ್ಮ ಕೇರಿಯ ಕೈಯೇ. ವಾರ್ಡಿನ ರಕ್ತ ಒರೆಸುವ, ಹೇಲು ಉಚ್ಚೆ ಬಾಚುವ ಹೊರಗುತ್ತಿಗೆಯ ಹೆಂಗಸು. ಅವಳ ಅಜ್ಜಿ ಗೌಡರ ಮನೆಯಲ್ಲಿ ಮಾಡಿದ ಕೆಲಸವನ್ನೇ ಅವಳು ಏಜೆನ್ಸಿಯ ಕೈಕೆಳಗೆ ಮಾಡುತ್ತಿದ್ದಾಳೆ. ಸಂಬಳ ತಡವಾದರೆ ಕೇಳುವ ಹಾಗಿಲ್ಲ, ಕೇಳಿದರೆ ನಾಳೆಯಿಂದ ಬರಬೇಡ. ಅವಳು ಕೇಳುವ ಇನ್ನೂರು ರೂಪಾಯಿ ತಪ್ಪು. ಅವಳ ಕೂಲಿಯಲ್ಲಿ ಕೈಯಾಡಿಸುವ ಗುತ್ತಿಗೆದಾರ ಅದಕ್ಕಿಂತ ದೊಡ್ಡ ಕಳ್ಳ, ಮತ್ತು ಅವನು ವಾರ್ಡಿಗೆ ಬರುವುದಿಲ್ಲ. ಬಡ ಬಾಣಂತಿಯನ್ನೂ ಬಡ ಆಯಾಳನ್ನೂ ಜಗಳಕ್ಕೆ ಬಿಟ್ಟು ವ್ಯವಸ್ಥೆ ಹೊರಗೆ ಕಾಫಿ ಕುಡಿಯುತ್ತಿರುತ್ತದೆ.

ಇದಕ್ಕಿಂತ ಕೆಟ್ಟದ್ದೂ ಇದೆ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡು ಇಲ್ಲ, ಆಧಾರ್ ಇಲ್ಲ ಅಂತ ತುಂಬು ಬಸುರಿಯೊಬ್ಬಳನ್ನು ಜಿಲ್ಲಾ ಆಸ್ಪತ್ರೆಯಿಂದ ವಾಪಸು ಕಳಿಸಿದರು. ಅವಳು ಮನೆಯಲ್ಲಿ ಅವಳಿ ಮಕ್ಕಳನ್ನು ಹೆತ್ತಳು. ಮೂರು ಜೀವವೂ ಹೋದವು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದವರಲ್ಲಿ ಐದು ಮಂದಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ನರಕ್ಕೆ ಹಾಕಿದ ದ್ರಾವಣದ ಮೇಲೆ ಅನುಮಾನ ಬಂತು. ಸರ್ಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ಐದು ತೊಟ್ಟಿಲುಗಳ ಮುಂದೆ ನಿಂತು ನಾವು ಏನು ಮಾತಾಡುವುದು?

"ನೋಡಿ, ಇದಕ್ಕೇ ನಾವು ಪ್ರೈವೇಟಿಗೆ ಹೋಗೋದು" ಅಂತೀರಿ. ನಾವು ತಿರುಗಿ ಕೇಳುತ್ತೇವೆ: ಇದು ಹೀಗಾಗಲು ನೀವು ಹೋದದ್ದೂ ಒಂದು ಕಾರಣ ಅಲ್ಲವೇ? ಓದು ಬಲ್ಲವನು, ಅರ್ಜಿ ಬರೆಯಬಲ್ಲವನು, ಪತ್ರಿಕೆಯವರ ಗುರುತಿರುವವನು, "ಸೂಪರಿಂಟೆಂಡೆಂಟ್ ಎಲ್ಲಿ, ಕರೀರಿ" ಅನ್ನುವ ದನಿ ಇರುವವನು ಎಲ್ಲ ಗಂಟು ಕಟ್ಟಿಕೊಂಡು ನರ್ಸಿಂಗ್ ಹೋಮಿಗೆ ನಡೆದ. ಬಾಯಿ ಇಲ್ಲದವರಷ್ಟೇ ವಾರ್ಡಿನಲ್ಲಿ ಉಳಿದರು. ಬಾಯಿ ಇಲ್ಲದವರು ಮಾತ್ರ ಮಲಗುವ ವಾರ್ಡಿನಲ್ಲಿ ಬಾಟಲಿಯ ಮೇಲಿನ ತಾರೀಖು ಯಾರು ಓದುತ್ತಾರೆ?

ಹಳ್ಳಿಯ ಮೇಷ್ಟರುಗಳಾದ ನಮ್ಮ ಓದುಗರಿಗೆ ಇದು ಹೊಸ ಪಾಠ ಅಲ್ಲ. ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುತ್ತೀರಿ, ಮಗನನ್ನು ಕಾನ್ವೆಂಟಿನ ವ್ಯಾನು ಹತ್ತಿಸುತ್ತೀರಿ. ಆಮೇಲೆ ಮಕ್ಕಳು ಕಡಿಮೆ ಅಂತ ಶಾಲೆಗೆ ಬೀಗ ಬಿದ್ದಾಗ ಲೇಖನ ಬರೆಯುತ್ತೀರಿ. ಶಾಲೆಗೆ ಆದದ್ದೇ ಹೆರಿಗೆ ವಾರ್ಡಿಗೂ ಆಗುತ್ತದೆ. ಬಡವರಿಗೆ ಅಂತ ಬಿಟ್ಟುಕೊಟ್ಟದ್ದು ಬಡವಾಗೇ ಉಳಿಯುತ್ತದೆ. 2020ರಲ್ಲಿ ಜಾರ್ಖಂಡಿನ ಗೊಡ್ಡಾ ಜಿಲ್ಲಾಧಿಕಾರಿ ಕಿರಣ್ ಕುಮಾರಿ ಪಾಸಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೇ ಹೆತ್ತರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಒಬ್ಬ ಅಧಿಕಾರಿ ತನ್ನದೇ ಸರ್ಕಾರದ ಆಸ್ಪತ್ರೆಗೆ ಹೋದರೆ ಅದು ಸುದ್ದಿ! ಈ ದೇಶದ ರೋಗ ಯಾವುದು ಅಂತ ತಿಳಿಯಲು ಇನ್ನೊಂದು ಟೆಸ್ಟು ಬೇಡ.

ಹೆರಿಗೆ ವಾರ್ಡು ಯಾರೋ ಹಾಕಿದ ಭಿಕ್ಷೆಯಲ್ಲ. 1928ರಲ್ಲಿ ಬಾಂಬೆಯ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಬಾಬಾಸಾಹೇಬರು ಎದ್ದು ನಿಂತು ಅದರ ಪರ ಮಾತಾಡಿದರು. ಹೆರುವ ಮುಂಚೆ, ಹೆತ್ತ ಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಭಾರದ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು ಅಂದರು. 1929ರಲ್ಲಿ ಅದು ಕಾಯ್ದೆಯಾಯಿತು. ಆ ದಾರಿಯಲ್ಲಿ ಬಂದದ್ದೇ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ. ಅದರ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ ಎಲ್ಲ ಉಚಿತ. ಸಹಜ ಹೆರಿಗೆಯಾದರೆ 3 ದಿನ, ಸಿಸೇರಿಯನ್ ಆದರೆ 7 ದಿನ ಊಟ ಉಚಿತ. ಮನೆಯಿಂದ ಬರಲು, ವಾಪಸು ಹೋಗಲು ಗಾಡಿ ಉಚಿತ. ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆ ಅವಳ ಕಡೆಯ ಹೆಂಗಸೊಬ್ಬಳು ಇರಬಹುದು ಅಂತ ಕೇಂದ್ರದ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಇದರಲ್ಲಿ ಎಷ್ಟು ನಮ್ಮ ಕೇರಿಗೆ ಗೊತ್ತು? ಭೂಮಿ ಪ್ರಶ್ನೆಯ ಬಗ್ಗೆ ರಾತ್ರಿಯಿಡೀ ವಾದ ಮಾಡುವ ನಮಗೇ ಎಷ್ಟು ಗೊತ್ತಿತ್ತು?

ಇದನ್ನೆಲ್ಲ ಒಂದು ಸಂಜೆ ನಮ್ಮ ಸಭೆಯಲ್ಲಿ ಜೋರಾಗಿ ಹೇಳುತ್ತಿದ್ದೆವು. ಹಿಂದೆ ಕೂತಿದ್ದ ತಂಗಿಯೊಬ್ಬಳು, ಏಳು ತಿಂಗಳ ಬಸುರಿ, ಕೇಳಿದಳು: "ಅಣ್ಣಾ, ನಿಮ್ಮ ಹೋರಾಟಕ್ಕೆ ನಮ್ಮ ಹೊಟ್ಟೇನೇ ಬೇಕಾ?"

ಸಭೆ ಸುಮ್ಮನಾಯಿತು. ಅವಳ ಪ್ರಶ್ನೆ ನ್ಯಾಯವಾದದ್ದು. ಹೆರುವವರು ಅವರು, ಎಲ್ಲಿ ಹೆರಬೇಕು ಅಂತ ತೀರ್ಮಾನ ಮಾಡುವವರು ನಾವು ಗಂಡಸರು, ಅವರ ಅತ್ತೆಯರು, ನಮ್ಮ ಮರ್ಯಾದೆ. ನರ್ಸಿಂಗ್ ಹೋಮಿಗೆ ಎಳೆದುಕೊಂಡು ಹೋದವನೂ ಅವಳನ್ನು ಕೇಳಲಿಲ್ಲ. ಸಿದ್ಧಾಂತ ಹೇಳಿ ಸರ್ಕಾರಿ ವಾರ್ಡಿಗೆ ನೂಕುವವನೂ ಕೇಳದಿದ್ದರೆ ಅವನಿಗೂ ಇವನಿಗೂ ಏನು ವ್ಯತ್ಯಾಸ? ಅವಳ ಜೀವ ಪಣಕ್ಕಿಟ್ಟು ಪಾಠ ಕಲಿಸುವ ಹಕ್ಕು ಯಾವ ಸಂಘಕ್ಕೂ ಇಲ್ಲ. ಅಪಾಯ ಬಂದ ಗಳಿಗೆಯಲ್ಲಿ ಯಾವ ಬಾಗಿಲು ತೆರೆದಿದೆಯೋ ಅಲ್ಲಿಗೆ ನುಗ್ಗಿ, ಯಾರೂ ತಪ್ಪು ಅನ್ನುವುದಿಲ್ಲ.

ಆದರೆ ಆ ತಂಗಿ "ಅಲ್ಲಿಗೆ ಹೋಗ್ತೀನಿ" ಅಂತ ಧೈರ್ಯದಿಂದ ಹೇಳುವ ಹಾಗೆ ಮಾಡುವ ಕೆಲಸ ಯಾರದು? ನಮ್ಮದು. ಭಾಷಣ ಸಾಕು, ಪಾಳಿ ಹಾಕೋಣ. ದಿನಕ್ಕಿಬ್ಬರು ಹೆಂಗಸರು, ಅವರ ಬೆನ್ನಿಗೆ ಇಬ್ಬರು ಹುಡುಗರು, ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಲಿ. ಹಾಡಿಯಿಂದ ಒಂಟಿಯಾಗಿ ಬಂದವಳ ಚೀಟಿ ಮಾಡಿಸಲಿ, ಒಳಗೆ ಅವಳ ಕೈ ಹಿಡಿದು ಕೂರಲಿ. ಉಚಿತ ಯಾವುದು ಅಂತ ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಕೇರಿ ಕೇರಿಯ ಗೋಡೆಗೆ ಅಂಟಿಸೋಣ. ಬೈದರೆ ಬರೆದುಕೊಳ್ಳೋಣ, ದಿನಾಂಕ ಹಾಕೋಣ, ದೂರು ಕೊಟ್ಟು ರಸೀತಿ ಪಡೆಯೋಣ. ಹೊರಗುತ್ತಿಗೆಯ ಹೆಂಗಸರನ್ನು ಸಂಘ ಮಾಡೋಣ. ಅವಳ ಸಂಬಳದ ಜಗಳಕ್ಕೆ ನಾವು ನಿಂತರೆ ನಮ್ಮ ಬಾಣಂತಿಯ ಪಕ್ಕ ಅವಳು ನಿಲ್ಲುತ್ತಾಳೆ. ದಾದಿಯರು ಸಾಲದು, ಮಂಚ ಸಾಲದು ಅಂತ ಮೊದಲು ಕೂಗಬೇಕಾದವರೂ ನಾವೇ. ಒಬ್ಬ ದಾದಿಯ ತಲೆಗೆ ಹತ್ತು ಬಸುರಿಯರನ್ನು ಕಟ್ಟಿ ನಗುನಗುತ್ತಾ ಮಾತಾಡು ಅಂದರೆ ಅವಳೂ ಮನುಷ್ಯಳೇ. ಇಷ್ಟಾದ ಮೇಲೆ ಸಂಬಳ ಬರುವ ನಮ್ಮಂಥ ಮನೆಯವರು, ಮನೆಗೊಬ್ಬರೇ ಮೊದಲ ಡಿಗ್ರಿ ಹಿಡಿದವರು, ನಮ್ಮ ಮನೆಯ ಹೆಣ್ಣುಮಕ್ಕಳು ಒಪ್ಪಿದರೆ, ಅವರ ಜೊತೆ ಅದೇ ಸಾಲಿನಲ್ಲಿ ನಿಲ್ಲೋಣ. ದಾನ ಮಾಡಲು ಬಂದವರ ಹಾಗಲ್ಲ, ಪಾಲುದಾರರ ಹಾಗೆ.

ಮೈಸೂರ್ ಪಾಕು ತಂದ ಗೆಳೆಯನ ಮೇಲೆ ನಮಗೆ ದ್ವೇಷ ಇಲ್ಲ. ಅವನ ಭಯ ನಮ್ಮದೂ ಹೌದು, ಅವನ ನಾಚಿಕೆ ನಮ್ಮದೂ ಹೌದು. ಓಲೆ ಬಿಡಿಸಿಕೊಳ್ಳಲು ಎಲ್ಲರೂ ಕೈಲಾದಷ್ಟು ಹಾಕುತ್ತೇವೆ. ಆದರೆ ಅವನ ಮಾತನ್ನು ಅವನಿಗೇ ತಿರುಗಿಸಿ ಕೊಡುತ್ತೇವೆ. ಹೌದು ಕಣಯ್ಯಾ, ಅಲ್ಲಿಗೆ ಹೋಗೋದು ನಮ್ಮೋರೇ. ಅದಕ್ಕೇ ನಾವೂ ಅಲ್ಲಿಗೆ ಹೋಗಬೇಕು.