ಮರಳಿ ಹಾಡಿದರೆ ಹಾಡು ಕೆಡುವುದೆ?

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಶಿಂಷಾ ನದಿಯ ನೀರನ್ನು ತಡೆದು ನಿಲ್ಲಿಸಿರುವ ದೊಡ್ಡದೊಂದು ಕೆರೆಯುಂಟು. ಅದರ ಏರಿಯ ಮೇಲೆ ಒಂದು ಸಂಜೆ ನನ್ನ ಕಿವಿಗೆ ಬಿದ್ದ ಪುಟ್ಟ ವಾಗ್ವಾದವೇ ಈ ಲೇಖನಕ್ಕೆ ಕಾರಣ. ಕಾಲೇಜಿನಲ್ಲಿ ಓದುವ ಹುಡುಗನೊಬ್ಬನು ತನ್ನ ಮೊಬೈಲಿನಲ್ಲಿ ಶಿಶುನಾಳ ಷರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಎಂಬ ತತ್ತ್ವಪದವನ್ನು ಕೇಳುತ್ತಿದ್ದನು. ಅದು ರಘು ದೀಕ್ಷಿತರ ತಂಡವು 2008ರ ‘ಅಂತರಾಗ್ನಿ’ ಸಂಕಲನದಲ್ಲಿ ಗಿಟಾರು ಡ್ರಮ್ಮುಗಳೊಡನೆ ತನ್ನದೇ ಧಾಟಿಯಲ್ಲಿ ಹಾಡಿರುವ ರೂಪ. ಪಕ್ಕದಲ್ಲಿದ್ದ ಅವನ ತಾತ ಭಜನೆಯಲ್ಲಿ ತಂಬೂರಿ ಹಿಡಿದು ಹಾಡುವವರು. “ಅಶ್ವತ್ಥ್ ಹೇಳಿದ್ದು ಪದ ಕಣಪ್ಪಾ. ಇದು ಬರೀ ಗದ್ದಲ” ಎಂದರು. “ಪದ ಅದೇ ಅಲ್ವಾ ತಾತ?” ಎಂದನು ಹುಡುಗ. ಮಾತು ಅಲ್ಲಿಗೇ ನಿಂತಿತು. ನನ್ನ ಯೋಚನೆ ಮಾತ್ರ ನಿಲ್ಲಲಿಲ್ಲ.

ಇಂಥ ಜಗಳ ಇಂದು ಮನೆಮನೆಯಲ್ಲಿಯೂ ನಡೆಯುತ್ತದೆ. ಅಭಿರುಚಿಯ ವಿಷಯದಲ್ಲಿ ತರ್ಕವಿಲ್ಲವೆಂದು ಹೇಳಿ ನಾವು ಸುಮ್ಮನಾಗುವುದುಂಟು. ಆದರೆ ಹಾಡು ಎಂಬುದು ಗಾಳಿಯ ಕಂಪನವೂ ಹೌದು. ಕಂಪನದ ವಿಷಯದಲ್ಲಿ ವಿಜ್ಞಾನಕ್ಕೆ ಹೇಳಲು ಸಾಕಷ್ಟಿದೆ.

ಮೊದಲು ಚರಿತ್ರೆಯನ್ನು ನೋಡೋಣ. ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫರು 1889ರಲ್ಲಿ ತೀರಿಕೊಂಡರು. ಎಡಿಸನ್ನನು ಫೋನೋಗ್ರಾಫನ್ನು 1877ರಲ್ಲಿಯೇ ರಚಿಸಿದ್ದರೂ, ಭಾರತದಲ್ಲಿ ಗ್ರಾಮಫೋನ್ ತಟ್ಟೆಗಳಿಗಾಗಿ ಹಾಡುಗಳನ್ನು ಮುದ್ರಿಸತೊಡಗಿದುದು 1902ರಲ್ಲಿ. ಷರೀಫರ ಕಂಠ ನಮಗೆ ಉಳಿಯಲಿಲ್ಲ. ಭಜನೆಯವರ ಬಾಯಿಂದ ಬಾಯಿಗೆ ಹರಿದು ಬಂದ ಪದಗಳನ್ನು ಸಿ. ಅಶ್ವತ್ಥರು ಕ್ಯಾಸೆಟ್ಟುಗಳ ಮೂಲಕವೂ, 1990ರ ‘ಸಂತ ಶಿಶುನಾಳ ಷರೀಫ’ ಚಲನಚಿತ್ರದ ಮೂಲಕವೂ ನಾಡಿಗೆಲ್ಲ ಮುಟ್ಟಿಸಿದರು. ಆದುದರಿಂದ ತಾತನವರು ‘ಮೂಲ’ವೆಂದು ನಂಬಿರುವುದೂ ಒಂದು ಮರುಹಾಡೇ. ಇದರಿಂದ ಅಶ್ವತ್ಥರ ಹಿರಿಮೆಗೆ ಕುಂದಿಲ್ಲ. ಮರಳಿ ಹಾಡುವುದರಿಂದಲೇ ತತ್ತ್ವಪದ ಬದುಕಿತೆಂಬುದಕ್ಕೆ ಅವರೇ ಸಾಕ್ಷಿ.

ಹಾಡು ಬದಲಾದರೂ ‘ಅದೇ ಹಾಡು’ ಎಂದು ನಾವು ಗುರುತಿಸುವುದು ಹೇಗೆ? ಒಬ್ಬ ಗಾಯಕನು ಷಡ್ಜವನ್ನು ಸೆಕೆಂಡಿಗೆ 160 ಕಂಪನಗಳಲ್ಲಿ ಹಿಡಿದರೆ ಅವನ ಪಂಚಮ 240 ಆಗುತ್ತದೆ. ಇನ್ನೊಬ್ಬನು 200ರಲ್ಲಿ ಹಿಡಿದರೆ ಪಂಚಮ 300. ಸಂಖ್ಯೆಗಳು ಬೇರೆ, 3ಕ್ಕೆ 2 ಎಂಬ ಪ್ರಮಾಣ ಮಾತ್ರ ಒಂದೇ. ಒಂದು ಸ್ವರವೂ ಹೊಂದದಿದ್ದರೂ ರಾಗದ ಆಕಾರ ಹೊಂದುತ್ತದೆ. ಆಸ್ಟ್ರಿಯದ ತತ್ತ್ವಜ್ಞ ಎಹ್ರೆನ್‌ಫೆಲ್ಸನು 1890ರಲ್ಲಿ ಈ ಸಂಗತಿಯನ್ನೇ ಎತ್ತಿ ತೋರಿಸಿ, ಇಡಿಯದು ಬಿಡಿಗಳ ಬರಿಯ ಮೊತ್ತವಲ್ಲವೆಂಬ ವಿಚಾರಕ್ಕೆ ನಾಂದಿ ಹಾಡಿದನು. ಧಾಟಿಯೇ ಬದಲಾದಾಗ ಉಳಿಯುವುದು ಮಾತುಗಳ ಸಂಬಂಧ: ಪ್ರಾಸ, ಮಾತ್ರೆಗಳ ನಡೆ, ಮರಳಿ ಮರಳಿ ಬರುವ ಪಲ್ಲವಿ. ಕೆರೆಯ ಏರಿಯ ಮೇಲೆ ಹುಡುಗನು ಹಿಡಿದುಕೊಂಡಿದ್ದುದು ಈ ಎಳೆಯನ್ನೇ.

ಇನ್ನು ‘ಗದ್ದಲ’ದ ಮಾತು. ಒಂದೇ ಸ್ವರವನ್ನು ಹಾರ್ಮೋನಿಯಂ ನುಡಿಸಿದರೂ ಗಿಟಾರು ನುಡಿಸಿದರೂ ನಾವು ಬೇರೆ ಬೇರೆಯೆಂದು ತಿಳಿಯುತ್ತೇವೆ. 240 ಕಂಪನಗಳ ಸ್ವರದೊಡನೆ 480, 720, 960 ಮೊದಲಾದ ಉಪಸ್ವರಗಳೂ ಹುಟ್ಟುತ್ತವೆ; ಅವುಗಳ ಹೆಚ್ಚು ಕಡಮೆಯ ಬೆರಕೆಯೇ ನಾದದ ಬಣ್ಣಕ್ಕೆ ಮುಖ್ಯ ಕಾರಣವೆಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸನು 1863ರ ತನ್ನ ಗ್ರಂಥದಲ್ಲಿ ವಿವರಿಸಿದನು. ವಿದ್ಯುತ್ ಗಿಟಾರಿನಲ್ಲಿ ಉಕ್ಕಿನ ತಂತಿಯು ಆಯಸ್ಕಾಂತದ ಮೇಲೆ ಸುತ್ತಿದ ತಾಮ್ರದ ಸುರುಳಿಯ ಬಳಿ ಮಿಡಿಯುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತನ್ನು ಆಂಪ್ಲಿಫೈಯರ್ ತಾಳಲಾರದಷ್ಟು ಹಿಗ್ಗಿಸಿದರೆ ತರಂಗದ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗಿ, ಮೊದಲಿಲ್ಲದ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ರಾಕ್ ಸಂಗೀತಗಾರರು ಬಯಸಿ ಪಡೆಯುವ ಒರಟು ಝೇಂಕಾರ ಇದೇ.

ಈಗ ತಾತನವರ ತಂಬೂರಿಯನ್ನೇ ಕೈಗೆತ್ತಿಕೊಳ್ಳೋಣ. ಅದರ ಕುದುರೆಯ ಮೇಲೆ, ತಂತಿಯ ಕೆಳಗೆ, ಹತ್ತಿಯ ನೂಲೊಂದನ್ನು ಸಿಕ್ಕಿಸುತ್ತಾರೆ. ಅದನ್ನು ಹದವಾಗಿ ಸರಿಸಿದಾಗ ಮಂಕಾಗಿದ್ದ ತಂತಿ ಜುಂಯ್ ಎಂದು ಜೀವ ತಳೆಯುತ್ತದೆ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಉಪಸ್ವರಗಳು ನಿಶ್ಚಲವಾಗಿರಬೇಕೋ ಅವು ನಾದದಲ್ಲಿ ಕಾಣಿಸಕೂಡದೆಂಬುದು ಹಳೆಯ ನಿಯಮ. ಆದರೆ ತಂಬೂರಿ ಮತ್ತು ವೀಣೆಗಳಲ್ಲಿ ಅಂಥ ಉಪಸ್ವರಗಳೂ ಬಲವಾಗಿ ಮೊಳಗುತ್ತವೆಂದು ಸಿ. ವಿ. ರಾಮನ್ನರು 1921ರಲ್ಲಿ ತೋರಿಸಿದರು. ಬಾಗಿದ ಕುದುರೆಯ ಮೈಯನ್ನು ತಂತಿ ಮತ್ತೆ ಮತ್ತೆ ಒರಸುವುದೇ ಇದಕ್ಕೆ ಕಾರಣ. ಮಾರ್ಗ ಬೇರೆಯಾದರೂ ತಂಬೂರಿಯ ನೂಲೂ ಗಿಟಾರಿನ ಆಂಪ್ಲಿಫೈಯರೂ ಮಾಡುವ ಕೆಲಸ ಒಂದೇ ಜಾತಿಯದು: ಸಾದಾ ನಾದಕ್ಕೆ ಉಪಸ್ವರಗಳ ಸಿರಿಯನ್ನು ಕೂಡಿಸುವುದು. ಒಂದನ್ನು ದೈವಿಕವೆಂದೂ ಇನ್ನೊಂದನ್ನು ಗದ್ದಲವೆಂದೂ ಕರೆಯುವುದು ಭೌತಶಾಸ್ತ್ರವಲ್ಲ, ಕಿವಿಯ ರೂಢಿ.

ಹಾಗೆಂದು ತಾತನವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ತತ್ತ್ವಪದದ ಜೀವ ಅದರ ಅರ್ಥದಲ್ಲಿದೆ. ಸೋರುವ ಮಾಳಿಗೆ ನಮ್ಮೊಳಗಿನ ಅಜ್ಞಾನವೆಂಬುದು ಕೇಳುವವನಿಗೆ ತಲಪಬೇಕು. ಮಾತನ್ನು ಮಾತಾಗಿಸುವ ವ್ಯಂಜನಗಳೋ ಬಲು ದುರ್ಬಲ ಸದ್ದುಗಳು. ಅನೇಕ ವ್ಯಂಜನಗಳ ಶಕ್ತಿ ಮೇಲಿನ ಆವೃತ್ತಿಗಳಲ್ಲಿದೆ. ಗಟ್ಟಿಯಾದ ಕೆಳಸ್ಥಾಯಿಯ ಸದ್ದು ಮೇಲಿನ ಆವೃತ್ತಿಗಳನ್ನು ಕಿವಿಯಲ್ಲಿ ಮುಚ್ಚಿಹಾಕುವುದೆಂಬುದು ಸಿದ್ಧವಾದ ಸಂಗತಿ. ಡ್ರಮ್ಮು, ಬೇಸ್ ಗಿಟಾರುಗಳ ಅಬ್ಬರದಲ್ಲಿ ವ್ಯಂಜನಗಳು ಮುಳುಗಿದರೆ ಷರೀಫರೂ ಮುಳುಗುತ್ತಾರೆ. ಆದುದರಿಂದ ಮರುಹಾಡನ್ನು ಅಳೆಯುವ ಮೊದಲನೆಯ ಒರೆಗಲ್ಲು ವಾದ್ಯ ಯಾವುದೆಂಬುದಲ್ಲ. ಮಾತು ಕೇಳಿಸುವುದೇ ಎಂಬುದು.

ಎರಡನೆಯದು ಋಣಸ್ಮರಣೆ. ವಿಜ್ಞಾನಿಯು ಹಿಂದಿನವರ ಪ್ರಯೋಗವನ್ನು ಮತ್ತೆ ಮಾಡುವಾಗ ಅವರ ಹೆಸರನ್ನು ಹೇಳುತ್ತಾನೆ; ಗಾಯಕನಿಗೂ ಅದೇ ಧರ್ಮ. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿಯಂತೆ, ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆಯೇ, ರಾಯಧನವನ್ನು ಮುಂಗಡವಾಗಿ ಸಲ್ಲಿಸಿ, ಮರುಹಾಡನ್ನು ಹೊರತರಬಹುದು. ಆದರೆ ಕಾನೂನು ಕಾಯುವುದು ಹೆಸರುಳ್ಳ ಸಂಯೋಜಕನನ್ನು. ಭಜನೆಯ ಮನೆಗಳಲ್ಲಿ ಧಾಟಿಗಳನ್ನು ತಲೆಮಾರುಗಳ ಕಾಲ ಕಾಪಾಡಿದ ಅನಾಮಿಕರನ್ನು ಕಾಯುವವರು ಯಾರು?

ಈ ಪ್ರಶ್ನೆಗೆ ಉತ್ತರ ವಿದ್ಯಾರ್ಥಿಗಳ ಜೇಬಿನಲ್ಲಿಯೇ ಇದೆ. ಹೊಸ ಹಾಡನ್ನು ಕೇಳಲು ಬಳಸುವ ಮೊಬೈಲು ಹಳೆಯ ಹಾಡನ್ನು ಮುದ್ರಿಸಿಕೊಳ್ಳಲೂ ಬಲ್ಲುದು. ನಿಮ್ಮೂರಿನ ಹಿರಿಯರು ಹಾಡುವ ಪದವನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ. ಊರು, ದಿನಾಂಕ, ಅವರು ಪದ ಕಲಿತ ಬಗೆ ಎಲ್ಲವನ್ನೂ ಬರೆದಿಡಿ. ಷರೀಫರ ಕಂಠವನ್ನು ಹಿಡಿದಿಡುವ ಅವಕಾಶ ಅವರ ನೆರೆಹೊರೆಯವರಿಗೆ ಇರಲಿಲ್ಲ. ನಮಗೆ ಆ ನೆಪವಿಲ್ಲ. ಕಡಬದ ಆ ಹುಡುಗನು ತಾತನ ಪದವನ್ನು ಮುದ್ರಿಸಿಕೊಂಡು, ಆಮೇಲೆ ಗಿಟಾರಿನೊಡನೆ ತನಗೆ ತೋರಿದಂತೆ ಹಾಡಲಿ. ಆಗ ಹಾಡು ಕೆಡುವುದಿಲ್ಲ. ಹಳೆಯದೂ ಉಳಿದು, ಹೊಸದೂ ಅದರ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ.